ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಯ್ತು… ಹೇಗೆ ಗೊತ್ತಾಯ್ತು ಸಾರ್?

ಈ ವಾರ ಮುಹೂರ್ತ, ನೂರು ದಿನ, ತಾರೆಯರ ವಿರಸ-ಸರಸ ಎಲ್ಲಕ್ಕೂ ರಜೆ. ಈ ವಾರ ನಮ್ಮ ಅಂಕಣದಲ್ಲಿ ಹೆಣ ಬಿದ್ದಿದೆ! ಗಾಬರಿ ಬೇಡ, ಬಿದ್ದಿರೋದು ಟೀವಿಯಲ್ಲಿ. ಆದರೆ ಆ ಹೆಣದ ಸುತ್ತ ಜಗಳ ನಡೀತಿರೋದು ಮಾತ್ರ ನಮ್ಮೂರಲ್ಲಿ.

ಗೌರಿಬಿದನೂರು ಬಸ್ ಸ್ಟ್ಯಾಂಡಿನ ಸುತ್ತಮುತ್ತ ಯಾವ ಟೀ ಅಂಗಡಿ ಮುಂದೆ ಬೇಕಾದರೂ ಹೋಗಿ. ಬೈಟು ಟೀ ಹೇಳಿ. ಆಮೇಲೆ ಗಟ್ಟಿಯಾಗಿ, "ಸಿ.ಐ.ಡಿ. ಸೀರಿಯಲ್ಲಾ? ಕೊಲೆಗಾರ ಯಾರು ಅಂತ ನಾನು ಹತ್ತೇ ನಿಮಿಷದಲ್ಲಿ ಹೇಳ್ತೀನಿ ಬಿಡ್ರೀ" ಅಂತ ಒಂದು ಮಾತು ಎಸೆದು ನೋಡಿ. ಬೆಂಗಳೂರು ಬಸ್ಸು ಹೋಗುತ್ತೆ, ಚಿಂತಾಮಣಿ ಬಸ್ಸು ಹೋಗುತ್ತೆ, ಹಿಂದೂಪುರದ ಬಸ್ಸೂ ಹೋಗುತ್ತೆ. ಮಾತು ಮಾತ್ರ ಮುಗಿಯೋದಿಲ್ಲ. ಕನ್ನಡದಲ್ಲಿ ಶುರುವಾದ ವಾದ ನಡುವೆ ತೆಲುಗಿಗೆ ತಿರುಗಿ, "ಎವರು ಚಂಪಾರು?" ಅಂತ ಗಡಿಯಾಚೆಯ ಗೆಳೆಯನೂ ಸೇರಿಕೊಳ್ಳುತ್ತಾನೆ. ಕೊಂದವರು ಯಾರು ಎಂಬ ಪ್ರಶ್ನೆಗೆ ಭಾಷೆಯ ಗಡಿ ಎಲ್ಲಿದೆ ಹೇಳಿ!

ಮೊದಲು ಸೀರಿಯಲ್ಲಿನ ಜಾತಕ

ಬಿ.ಪಿ. ಸಿಂಗ್ ಕಟ್ಟಿದ 'ಸಿ.ಐ.ಡಿ.' ಸೋನಿ ಟೀವಿಯಲ್ಲಿ ಶುರುವಾದದ್ದು 1998ರ ಜನವರಿ 21ರಂದು. ನಿಂತದ್ದು 2018ರ ಅಕ್ಟೋಬರ್ 27ರಂದು. ಒಟ್ಟು 1,547 ಕಂತು! ಆರು ವರ್ಷ ಬಾಗಿಲು ಹಾಕಿಕೊಂಡಿದ್ದು, 2024ರ ಡಿಸೆಂಬರ್ 21ಕ್ಕೆ ಮತ್ತೆ ತೆರೆಯಿತು. (ತೆರೆಯಿತು ಅಂದರೆ ದಯಾ ಒದ್ದು ತೆರೆದ ಅಂತ ಓದಿಕೊಳ್ಳಿ.) ಎಸಿಪಿ ಪ್ರದ್ಯುಮನ್ ಆಗಿ ಶಿವಾಜಿ ಸಾಟಮ್, ಅಭಿಜಿತ್ ಆಗಿ ಆದಿತ್ಯ ಶ್ರೀವಾಸ್ತವ, ದಯಾ ಆಗಿ ನಮ್ಮ ಕರಾವಳಿ ಮೂಲದ ದಯಾನಂದ ಶೆಟ್ಟಿ, ಲ್ಯಾಬಿನ ಡಾಕ್ಟರ್ ಸಾಳುಂಖೆ ಆಗಿ ನರೇಂದ್ರ ಗುಪ್ತ. 2004ರ ನವೆಂಬರ್ 7ರಂದು ಒಂದೇ ಒಂದು ಕಟ್ ಇಲ್ಲದೆ 111 ನಿಮಿಷದ ಕಂತು ತೋರಿಸಿ ದಾಖಲೆ ಪುಸ್ತಕ ಸೇರಿದ ಸೀರಿಯಲ್ ಇದು. ಸುಮ್ಮನೆ ನಕ್ಕು ತಳ್ಳಿಹಾಕುವಂಥದ್ದಲ್ಲ.

ಹಿಂದಿ ಸರಿಯಾಗಿ ಬಾರದ ನಮ್ಮ ಹುಡುಗರೂ ಇದನ್ನು ನೋಡಿದರು. ಹೆಣಕ್ಕೆ ಭಾಷೆ ಬೇಕಾ? ಎಸಿಪಿ ಕೈ ತಿರುಗಿಸಿದರೆ ಅರ್ಥ ಆಗುತ್ತೆ, ದಯಾ ಕಾಲು ಎತ್ತಿದರೆ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ.

ಮೂರು ಪಾರ್ಟಿ

ನಾನು ವಾರಗಟ್ಟಲೆ ಕಿವಿಗೊಟ್ಟು ಕೇಳಿದ ಮೇಲೆ ಕಂಡುಕೊಂಡ ಸಂಗತಿ: ನಮ್ಮಲ್ಲಿ ಪ್ರೇಕ್ಷಕರದ್ದು ಮೂರು ಪಾರ್ಟಿ.

ಒಂದನೆಯದು ಗಡಿಯಾರ ಪಾರ್ಟಿ. ಇವರು ಟೀವಿ ನೋಡೋದಕ್ಕಿಂತ ಹೆಚ್ಚಾಗಿ ಗೋಡೆಯ ಮೇಲಿನ ಗಡಿಯಾರ ನೋಡುತ್ತಾರೆ. "ಅಣ್ಣಾ, ಅರ್ಧ ಗಂಟೆಗೆ ಮುಂಚೆ ಸಿಕ್ಕಿಬಿದ್ದೋನು ಕೊಲೆಗಾರ ಅಲ್ವೇ ಅಲ್ಲ. ಇನ್ನೂ ಎರಡು ಬ್ರೇಕ್ ಬಾಕಿ ಐತೆ!" ಅನ್ನೋದು ಇವರ ವಾದ. ಇನ್ನೊಬ್ಬ ಅದಕ್ಕೆ ಒಗ್ಗರಣೆ ಹಾಕುತ್ತಾನೆ: "ಆ ಮನೆ ಮ್ಯಾನೇಜರ್ ಪಾರ್ಟು ಮಾಡಿರೋ ಆ್ಯಕ್ಟರ್‌ನ ಬೇರೆ ಸೀರಿಯಲ್‌ನಲ್ಲಿ ನೋಡಿದೀನಿ. ಬರೀ ಕಾಫಿ ಲೋಟ ಎತ್ತಿಕೊಡೋಕೆ ಅಂಥೋನನ್ನ ಕರೆಸ್ತಾರಾ? ಅವನೇ ಕಣಣ್ಣ!" ನೂರಕ್ಕೆ ಎಂಬತ್ತು ಸಲ ಅವನೇ ಆಗಿರುತ್ತಾನೆ ಅಂತ ಈ ಪಾರ್ಟಿಯವರು ಎದೆ ತಟ್ಟಿ ಹೇಳುತ್ತಾರೆ.

ಎರಡನೆಯದು ಬಾಗಿಲು ಪಾರ್ಟಿ. ಇವರಿಗೆ ಕೊಲೆ ಯಾರು ಮಾಡಿದರೂ ಒಂದೇ. "ಗುರೂ, ದಿನವೆಲ್ಲ ಫ್ಯಾಕ್ಟರೀಲಿ ನಿಂತು ಬಂದಿರ್ತೀವಿ. ಒಂದು ಬಾಗಿಲು ಮುರೀಬೇಕು, ಒಂದು ಏಟು ಬೀಳಬೇಕು, ತಪ್ಪು ಮಾಡ್ದೋನು ಒಪ್ಕೋಬೇಕು. ನಿದ್ದೆ ಚೆನ್ನಾಗಿ ಬರ್ತದೆ." ಇದನ್ನು ಕೇಳಿ ನಗಬೇಡಿ. ಜೀವನದಲ್ಲಿ ಎಂದೂ ಸಿಗದ ನ್ಯಾಯ ಒಂದು ಗಂಟೆಯೊಳಗೆ ಕಣ್ಣೆದುರಿಗೆ ಸಿಕ್ಕರೆ ಯಾರಿಗೆ ಬೇಡ?

ಮೂರನೆಯದು ಹಳೇ ಪಾರ್ಟಿ. ಸ್ವಲ್ಪ ವಯಸ್ಸಾದವರು, ಆದರೆ ಕೆಲವು ಹುಡುಗರೂ ಇವರ ಕಡೆ ವಾಲಿದ್ದಾರೆ. ಇವರ ಬಾಯಲ್ಲಿ ಬರೋದು ದೂರದರ್ಶನದ ಕಾಲ. 1985ರ 'ಕರಮ್‌ಚಂದ್', ಕ್ಯಾರೆಟ್ ಕಡಿಯುತ್ತಾ ಕೇಸು ಬಿಡಿಸುವ ಪಂಕಜ್ ಕಪೂರ್. 1993ರ 'ಬ್ಯೋಮಕೇಶ್ ಬಕ್ಷಿ', ಬಾಸು ಚಟರ್ಜಿ ನಿರ್ದೇಶನ, ರಜಿತ್ ಕಪೂರ್ ಅಭಿನಯ. ಮತ್ತೆ ನಮ್ಮ ಕನ್ನಡದ್ದೇ 'ಗುಡ್ಡದ ಭೂತ'! "ಆವಾಗ ತಲೆಗೆ ಕೆಲಸ ಇತ್ತು ಸಾರ್, ಈಗ ಬರೀ ಕಾಲಿಗೆ" ಅಂತ ಇವರ ತೀರ್ಪು.

ಮೂರು ಪಾರ್ಟಿಯವರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ. ಆದರೆ ನನಗೆ ಅನ್ನಿಸೋದು ಏನೆಂದರೆ, ಮೂವರ ಜಗಳವೂ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿದೆ. ಆ ಪ್ರಶ್ನೆ "ಕೊಂದವನು ಯಾರು?" ಅಲ್ಲ. "ಅವನೇ ಅಂತ ಹೇಗೆ ಗೊತ್ತಾಯಿತು?" ಅನ್ನೋದು.

ಯೋಚಿಸಿ ನೋಡಿ. ಗಡಿಯಾರ ಪಾರ್ಟಿಯ ಹುಡುಗ ಬುದ್ಧಿವಂತ. ಆದರೆ ಅವನು ಕೊಲೆಗಾರನನ್ನು ಹಿಡಿದದ್ದು ಕತೆಯ ಒಳಗಿನ ಸುಳಿವಿನಿಂದಲ್ಲ. ಬ್ರೇಕ್ ಎಷ್ಟು ಬಾಕಿ ಇದೆ, ಯಾವ ನಟನಿಗೆ ಎಷ್ಟು ಹೆಸರಿದೆ ಅನ್ನುವ ಹೊರಗಿನ ಲೆಕ್ಕದಿಂದ. ಯಾಕೆ ಹೊರಗೆ ಹುಡುಕಿದ? ಒಳಗೆ ಸುಳಿವೇ ಇರಲಿಲ್ಲ! ಹಸಿದವನು ಊಟ ಇಲ್ಲದ ಮನೆಯಲ್ಲಿ ಎಷ್ಟು ಹೊತ್ತು ಕೂತಾನು?

ಬಸ್ ಸ್ಟ್ಯಾಂಡಿನ ಪತ್ತೇದಾರ

ಇದೇ ಪತ್ರಿಕೆ ನೇತಾಡುವಂಥ ಅಂಗಡಿಗಳಲ್ಲಿ ಒಂದು ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ನೇತಾಡುತ್ತಿದ್ದವು. ಐನೂರಕ್ಕೂ ಹೆಚ್ಚು ಬರೆದ ಪುಣ್ಯಾತ್ಮ! ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. (ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕೆ?) ಅವರ ಪತ್ತೇದಾರ ಪುರುಷೋತ್ತಮನನ್ನು ಓದೋಕೆಂದೇ ಎಷ್ಟೋ ಜನ ಕನ್ನಡ ಓದುವ ಅಭ್ಯಾಸ ಮಾಡಿಕೊಂಡರು. ಬಸ್ಸು ಹೊರಡುವಾಗ ಹೆಣ, ಬಸ್ಸು ಇಳಿಯುವಾಗ ಕೊಲೆಗಾರ! ನಡುವೆ ಓದುಗನಿಗೂ ಒಂದು ಕೆಲಸ: ಪತ್ತೇದಾರನ ಜತೆಗೆ ತಾನೂ ಹುಡುಕಬೇಕು.

ಈ ಆಟಕ್ಕೆ ನಿಯಮಗಳೂ ಉಂಟು. 1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿ, ತಾನೂ ಪತ್ತೇದಾರಿ ಕತೆಗಾರ, ಹತ್ತು ಕಟ್ಟಳೆ ಬರೆದಿಟ್ಟ. ಕೊಲೆಗಾರ ಕತೆಯ ಆರಂಭದಲ್ಲೇ ಎಲ್ಲಾದರೂ ಕಾಣಿಸಿಕೊಂಡಿರಬೇಕು. ದೆವ್ವ-ಪವಾಡದಿಂದ ಗಂಟು ಬಿಚ್ಚಬಾರದು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು. ಪಾದ್ರಿಯ ಇಂಗ್ಲಿಷನ್ನು ನಮ್ಮ ಭಾಷೆಯಲ್ಲಿ ಹೇಳೋದಾದರೆ: ಇಸ್ಪೀಟಿನಲ್ಲಿ ಎಲೆ ಬಚ್ಚಿಡಬೇಡ ಗುರು!

ಕೊನೆಯ ಐದು ನಿಮಿಷದಲ್ಲಿ ಎಲ್ಲೂ ಇಲ್ಲದ ಅವಳಿ ತಮ್ಮ ಬಂದು ನಿಂತರೆ, ಯಾರೂ ನೋಡದ ಸಿಸಿಟೀವಿ ತುಣುಕು ಸಿಕ್ಕರೆ, ಅದು ಬಚ್ಚಿಟ್ಟ ಎಲೆ. ಸೋತ ಪ್ರೇಕ್ಷಕನಿಗೆ ಸೋತ ಬೇಸರ ಆಗೋದಿಲ್ಲ, ಮೋಸ ಹೋದ ಸಿಟ್ಟು ಬರುತ್ತೆ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ನಮ್ಮ ಚಿತ್ರರಂಗದಲ್ಲಿ ಈ ಆಟವನ್ನು ನಿಯತ್ತಿನಿಂದ ಆಡಿದವರಿದ್ದಾರೆ. 1989ರ 'ತರ್ಕ' ನೆನಪು ಮಾಡಿಕೊಳ್ಳಿ. ಸುನಿಲ್ ಕುಮಾರ್ ದೇಸಾಯಿ ನಿರ್ದೇಶನ, ಶಂಕರ್‌ನಾಗ್ ಅಭಿನಯ, ಹಾಡೇ ಇಲ್ಲದ ಸಿನಿಮಾ! ಹಾಡಿಲ್ಲದ ಕನ್ನಡ ಚಿತ್ರವನ್ನು ಯಾರು ನೋಡ್ತಾರೆ ಅಂದವರ ಬಾಯಿ ಮುಚ್ಚಿಸಿತು. ಅದಕ್ಕೆ ಅಗಾಥಾ ಕ್ರಿಸ್ಟಿಯ ನಾಟಕವೊಂದರ ಆಧಾರ ಇತ್ತು ನಿಜ. ಆದರೆ ಒಂದು ಮನೆ, ಒಂದು ಹೆಣ, ನಾಲ್ಕು ಮಾತು ಇಟ್ಟುಕೊಂಡು ನಮ್ಮನ್ನು ಕುರ್ಚಿಯ ತುದಿಯಲ್ಲಿ ಕೂರಿಸಿದ ಕೈಚಳಕ ದೇಸಾಯಿಯವರದೇ.

ಇನ್ನು ಹಳೇ ಪಾರ್ಟಿಯ ಪ್ರೀತಿಯ 'ಗುಡ್ಡದ ಭೂತ'. 1990ರ ಆಸುಪಾಸಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಬಂದದ್ದು. ಮಾಡಿದವರು ಸದಾನಂದ ಸುವರ್ಣ. 1977ರಲ್ಲಿ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ಕ್ಕೆ ಹಣ ಹಾಕಿ ಸ್ವರ್ಣಕಮಲ ತಂದ ನಿರ್ಮಾಪಕರೂ ಇವರೇ. 2024ರಲ್ಲಿ ತೀರಿಕೊಂಡರು. ಮುಖ್ಯ ಪಾತ್ರದಲ್ಲಿ ಪ್ರಕಾಶ್ ರೈ, ತಮಿಳಿಗೆ ಹೋಗಿ ಪ್ರಕಾಶ್ ರಾಜ್ ಆಗುವ ಮುಂಚಿನ ನಮ್ಮ ಹುಡುಗ. ತುಳುನಾಡಿನ ಗುಡ್ಡ, ಭೂತದ ಭಯ, ಸಾವು. ಇದು ಭೂತದ ಕೈವಾಡವೋ ಮನುಷ್ಯನ ಕೈವಾಡವೋ? ಇದೇ ಗಂಟು. ಉತ್ತರ ನಾನು ಹೇಳೋದಿಲ್ಲ. ನೋಡದವರ ಶಾಪ ನನಗೇಕೆ? ಆದರೆ ಒಂದು ಮಾತು ಹೇಳಬಹುದು. ವಾರವಿಡೀ ಕಾದು ನೋಡಿದ ಜನ ಆ ಒಂದು ವಾರ ಸುಮ್ಮನೆ ಕೂರುತ್ತಿರಲಿಲ್ಲ. ಮನೆಯವರೆಲ್ಲ ಪತ್ತೇದಾರರಾಗುತ್ತಿದ್ದರು. ಅಜ್ಜಿಗೆ ಒಬ್ಬನ ಮೇಲೆ ಅನುಮಾನ, ಅಣ್ಣನಿಗೆ ಇನ್ನೊಬ್ಬನ ಮೇಲೆ. ಆ ಕಾಯುವಿಕೆಯೇ ಅರ್ಧ ಕತೆ.

ಕೊಲೆಗಾರ ಮೊದಲೇ ಗೊತ್ತಾದರೆ?

"ಹಾಗಾದ್ರೆ ಕೊಲೆಗಾರ ಯಾರು ಅಂತ ಮೊದಲೇ ಗೊತ್ತಾದ್ರೆ ಕತೆ ಸತ್ತಂಗೇ ಅಲ್ವಾ?" ಅಂತ ಕೇಳುತ್ತೀರಿ. ಇಲ್ಲ ಸ್ವಾಮಿ! 2014ರ 'ದೃಶ್ಯ' ನೋಡಿಲ್ವೇ? ಜೀತು ಜೋಸೆಫ್ 2013ರಲ್ಲಿ ಮಲಯಾಳದಲ್ಲಿ ಮಾಡಿದ್ದನ್ನು ಪಿ. ವಾಸು ಕನ್ನಡಕ್ಕೆ ತಂದರು, ಕ್ರೇಜಿಸ್ಟಾರ್ ರವಿಚಂದ್ರನ್ ಕೇಬಲ್ ನಡೆಸುವ ರಾಜೇಂದ್ರ ಪೊನ್ನಪ್ಪ ಆದರು. ಮನೆಯಲ್ಲಿ ಏನು ನಡೆಯಿತು ಅಂತ ನಮಗೆ ಗೊತ್ತು. ಪೊಲೀಸರಿಗೆ ಗೊತ್ತಿಲ್ಲ. ಅವರಿಗೆ ಹೇಗೆ ಗೊತ್ತಾಗುತ್ತೆ, ಗೊತ್ತಾದರೂ ಹೇಗೆ ಸಾಬೀತು ಮಾಡುತ್ತಾರೆ? ಆ ಪ್ರಶ್ನೆಯ ಮೇಲೆ ಇಡೀ ಸಿನಿಮಾ ನಿಂತಿದೆ. ಅಮೆರಿಕದ ಟೀವಿಯಲ್ಲಿ 'ಕೊಲಂಬೋ' ಅಂತ ಹೆಸರುವಾಸಿ ಸೀರಿಯಲ್ ಇತ್ತು. ಅದರಲ್ಲಿ ಮೊದಲ ದೃಶ್ಯದಲ್ಲೇ ಕೊಲೆಗಾರನನ್ನು ತೋರಿಸಿಬಿಡುತ್ತಿದ್ದರು! ಸುಕ್ಕುಗಟ್ಟಿದ ಕೋಟು ಹಾಕಿಕೊಂಡ ಪೊಲೀಸ್ ಪೀಟರ್ ಫಾಕ್ ಅವನನ್ನು ಹೇಗೆ ಹಿಡಿಯುತ್ತಾನೆ ಅನ್ನೋದೇ ಆಟ.

ಅಂದರೆ "ಯಾರು" ಅನ್ನೋದನ್ನು ಬಿಟ್ಟುಕೊಟ್ಟರೂ ಕತೆ ಬದುಕುತ್ತೆ. "ಹೇಗೆ ಗೊತ್ತಾಯಿತು" ಅನ್ನೋದನ್ನು ಬಿಟ್ಟರೆ ಹೆಣದ ಪಕ್ಕ ಕತೆಯೂ ಮಲಗುತ್ತೆ.

ಎಳೆದರೂ ಅದೇ ಗತಿ. 1990ರಲ್ಲಿ ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ 'ಟ್ವಿನ್ ಪೀಕ್ಸ್' ಶುರು ಮಾಡಿದಾಗ, ಲಾರಾ ಪಾಮರ್‌ಳನ್ನು ಕೊಂದದ್ದು ಯಾರು ಅಂತ ಅಮೆರಿಕವೇ ತಲೆಕೆಡಿಸಿಕೊಂಡಿತ್ತು. ಬೇಗ ಹೇಳಿ ಅಂತ ಚಾನೆಲ್ಲಿನವರ ಒತ್ತಾಯ ಹೆಚ್ಚಾಯಿತು. ಎರಡನೇ ಸೀಸನ್ನಿನ ನಡುವೆ ಹೇಳಿದರು. ಪ್ರೇಕ್ಷಕರು ಒಬ್ಬೊಬ್ಬರಾಗಿ ಎದ್ದು ಹೋದರು, 1991ರಲ್ಲಿ ಸೀರಿಯಲ್ಲೇ ನಿಂತಿತು. ಒಂದೇ ಪ್ರಶ್ನೆಯ ಮೇಲೆ ಮನೆ ಕಟ್ಟಿದರೆ ಹೀಗೇ. ಕಂಬ ತೆಗೆದರೆ ಸೂರು ಕುಸಿಯುತ್ತೆ, ತೆಗೆಯದಿದ್ದರೆ ಒಳಗಿದ್ದವರಿಗೆ ಉಸಿರು ಕಟ್ಟುತ್ತೆ.

'ಸಿ.ಐ.ಡಿ.'ಯವರು ಬೇರೆ ಆಟ ಆಡಿದರು. 2025ರ ಏಪ್ರಿಲ್‌ನಲ್ಲಿ ಎಸಿಪಿ ಪ್ರದ್ಯುಮನ್‌ರನ್ನೇ ಸಾಯಿಸಿಬಿಟ್ಟರು! ಚಾನೆಲ್ಲಿನವರು ಶ್ರದ್ಧಾಂಜಲಿಯನ್ನೂ ಹಾಕಿದರು. ಜನ ರೊಚ್ಚಿಗೆದ್ದರು. ಹೊಸ ಎಸಿಪಿಯಾಗಿ ಪಾರ್ಥ್ ಸಮಥಾನ್ ಬಂದರು. ಆಮೇಲೆ ನೋಡಿದರೆ ಸತ್ತ ಎಸಿಪಿ ವಾಪಸ್! ಬಾಗಿಲು ಪಾರ್ಟಿ ಪಟಾಕಿ ಹೊಡೆಯಿತು. ಆದರೆ ಹಳೇ ಪಾರ್ಟಿಯ ಒಬ್ಬರು ಟೀ ಲೋಟ ಕೆಳಗಿಟ್ಟು ಹೇಳಿದ್ದು ನನ್ನ ತಲೆಯಲ್ಲೇ ಉಳಿದಿದೆ: "ಸಾವನ್ನೇ ವಾಪಸ್ ತಗೊಂಡ್ರೆ, ಇನ್ನು ಮುಂದೆ ಬೀಳೋ ಹೆಣ ನಾನು ಹೆಂಗಪ್ಪಾ ನಂಬೋದು?" ಕೊಲೆ ಕತೆಯಲ್ಲಿ ನಂಬೋಕೆ ಇರೋದು ಒಂದೇ ವಸ್ತು, ಹೆಣ. ಅದೂ ಎದ್ದು ಕೂತರೆ?

ಕಪಾಳಕ್ಕೆ ಕಾನೂನಿನಲ್ಲಿ ಬೆಲೆ ಎಷ್ಟು?

ಈಗ ನಗು ಸ್ವಲ್ಪ ಬದಿಗಿಡೋಣ.

ಬಾಗಿಲು ಪಾರ್ಟಿಗೆ ಬಲು ಇಷ್ಟವಾದ ದೃಶ್ಯ ಯಾವುದು? ಕಡೆಯಲ್ಲಿ ಅನುಮಾನದ ವ್ಯಕ್ತಿಯನ್ನು ನಿಲ್ಲಿಸುತ್ತಾರೆ. ಎಸಿಪಿ ಕಣ್ಣು ಕೆಕ್ಕರಿಸುತ್ತಾರೆ. ಚಟೀರ್! ಕಪಾಳಕ್ಕೊಂದು. "ಹೌದು, ನಾನೇ ಕೊಂದೆ!" ಹಿಂದಿನ ಕತೆ ಹೊಗೆಯಲ್ಲಿ ತೇಲಿ ಬರುತ್ತೆ. ಕೇಸು ಮುಗೀತು.

ನಿಜವಾದ ಕೋರ್ಟಿನಲ್ಲಿ ಅಲ್ಲಿಂದಲೇ ಕೇಸು ಬೀಳೋಕೆ ಶುರು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷಿಯಾಗಿ ಬಳಸೋ ಹಾಗಿಲ್ಲ. ಬ್ರಿಟಿಷರ ಕಾಲದ 1872ರ ಸಾಕ್ಷ್ಯ ಕಾಯಿದೆಯ 25ನೇ ಕಲಮಿನಲ್ಲೇ ಇದು ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಇದೆ. ಅವನ ಮಾತಿನಿಂದ ಚಾಕುವೋ ಒಡವೆಯೋ ಸಿಕ್ಕರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು ಮಾತ್ರ ಲೆಕ್ಕಕ್ಕೆ. ಹಿಡಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಸಂವಿಧಾನದ 22ನೇ ವಿಧಿ. ಸೀರಿಯಲ್ಲುಗಳಲ್ಲಿ ಸೂಜಿ ಚುಚ್ಚಿ ಬಾಯಿ ಬಿಡಿಸುತ್ತಾರಲ್ಲ, ನಾರ್ಕೋ? ಒಪ್ಪಿಗೆ ಇಲ್ಲದೆ ಅದನ್ನು ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ಆ ಕೇಸಿನ ಹೆಸರೇ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ'. ನಮ್ಮ ರಾಜ್ಯದಿಂದಲೇ ಹೋದದ್ದು!

ಯಾಕೆ ಇಂಥ ಕಾನೂನು? ಪೊಲೀಸರ ಮೇಲಿನ ದ್ವೇಷಕ್ಕಲ್ಲ. ಏಟು ತಿಂದವನು ನೋವು ನಿಲ್ಲಲಿ ಅಂತ ಏನನ್ನು ಬೇಕಾದರೂ ಒಪ್ಪಿಕೊಳ್ಳುತ್ತಾನೆ. ಏಟಿಗೆ ಬಾಯಿ ಬಿಡಿಸೋ ಶಕ್ತಿ ಇದೆ, ನಿಜ ಹೇಳಿಸೋ ಶಕ್ತಿ ಇಲ್ಲ.

ಡಾಕ್ಟರ್ ಸಾಳುಂಖೆ ಲ್ಯಾಬೂ ಹಾಗೇ. ಕುಕ್ಕರ್ ಮೂರು ಕೂಗು ಹಾಕೋದರೊಳಗೆ ರಿಪೋರ್ಟ್ ಕೈಯಲ್ಲಿ! ನಮ್ಮ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ಇರೋದು ಬೆಂಗಳೂರಿನ ಮಡಿವಾಳದಲ್ಲಿ. ಅಲ್ಲಿ ಸೀಲು ಹಾಕಿದ ಪೊಟ್ಟಣ ಸರದಿಯಲ್ಲಿ ಕಾಯುತ್ತೆ. ಸೀಲು ಒಡೆದಿದ್ದರೆ ವಕೀಲ ಬಿಡೋದಿಲ್ಲ.

"ಅಯ್ಯೋ, ಸೀರಿಯಲ್ಲು ಸೀರಿಯಲ್ಲೇ, ಇದೆಲ್ಲ ಯಾಕೆ ಸಾರ್?" ಅಂತೀರಾ? ಯಾಕೆ ಅಂತ ಹೇಳ್ತೀನಿ ಕೇಳಿ.

ಬಾಡಿಗೆ ರೂಮಿನ ಎಸಿಪಿಗಳು

ಇದು ನಮ್ಮ ಕಡೆಯದೇ ಒಂದು ಬಾಡಿಗೆ ರೂಮಿನಲ್ಲಿ ನಡೆದದ್ದು. ಊರು, ಹೆಸರು ಬೇಡ. ಅಲ್ಲಿದ್ದವನೇ ನನಗೆ ಹೇಳಿದ. ಐದು ಜನ ಹುಡುಗರು, ಶಿಫ್ಟ್ ಕೆಲಸ, ರಾತ್ರಿ ಒಂದೇ ಟೀವಿ. ಒಂದು ಬೆಳಿಗ್ಗೆ ಒಬ್ಬನ ಹೊಸ ಮೊಬೈಲ್ ಮಾಯ. ರೂಮಿಗೆ ತೀರಾ ಇತ್ತೀಚೆಗೆ ಸೇರಿದ ಹುಡುಗನೊಬ್ಬ ಇದ್ದ. ಮಾತು ಕಮ್ಮಿ. ಆ ದಿನ ಬೇಗ ಎದ್ದು ಹೊರಗೆ ಹೋಗಿದ್ದ. ಸಾಕಲ್ಲ! ಸಂಜೆ ನಾಲ್ವರೂ ಅವನನ್ನು ನಡುವೆ ಕೂರಿಸಿಕೊಂಡರು. ಒಬ್ಬ ಎಸಿಪಿ ಆದ, ಒಬ್ಬ ದಯಾ ಆದ. "ಬೆಳಿಗ್ಗೆ ಎಲ್ಲಿ ಹೋಗಿದ್ದೆ?" ಅವನು ತಡವರಿಸಿದ. "ತಡವರಿಸ್ತಾವ್ನೆ, ಇವನೇ!" ಕಪಾಳಕ್ಕೆ ಎರಡು ಬಿತ್ತು. ಮೂರನೆಯದಕ್ಕೆ ಅವನು ಒಪ್ಪಿಕೊಂಡ. "ಹೂಂ, ನಾನೇ ತಗೊಂಡೆ. ಮುಂದಿನ ತಿಂಗಳ ಸಂಬಳದಲ್ಲಿ ಕೊಡ್ತೀನಿ" ಅಂದ.

ಎರಡು ದಿನ ಆದ ಮೇಲೆ ಮೊಬೈಲ್ ಸಿಕ್ಕಿತು. ಅದರ ಯಜಮಾನನೇ ಚಾರ್ಜಿಗೆ ಹಾಕಲು ಕೊಟ್ಟು ಮರೆತಿದ್ದ ಅಂಗಡಿಯಲ್ಲಿ!

ಆ ಹುಡುಗ ಅಷ್ಟರಲ್ಲಿ ರೂಮು ಬಿಟ್ಟು ಹೋಗಿದ್ದ. ಬೆಳಿಗ್ಗೆ ಎಲ್ಲಿಗೆ ಹೋಗಿದ್ದನಂತೆ ಗೊತ್ತಾ? ಊರಿಂದ ಬಸ್ಸಿನಲ್ಲಿ ಅವನಮ್ಮ ಕಳಿಸಿದ್ದ ರಾಗಿಹಿಟ್ಟಿನ ಗಂಟು ಇಳಿಸಿಕೊಳ್ಳೋಕೆ. ಅದನ್ನು ಹೇಳೋಕೆ ಅವನಿಗೆ ನಾಚಿಕೆ ಆಗಿತ್ತು.

ಸೀರಿಯಲ್ಲೇ ಇದನ್ನು ಮಾಡಿಸಿತು ಅಂತ ನಾನು ಹೇಳೋದಿಲ್ಲ. ಟೀವಿ ಬರೋ ಮುಂಚೆಯೂ ಜನ ಕಳ್ಳ ಅಂತ ಕಟ್ಟಿಹಾಕಿ ಹೊಡೆದಿದ್ದಾರೆ. ಆದರೆ ತಡವರಿಸಿದವನೇ ಅಪರಾಧಿ, ಏಟು ಬಿದ್ದರೆ ನಿಜ ಹೊರಗೆ ಬರುತ್ತೆ, ಒಪ್ಪಿಕೊಂಡರೆ ಕೇಸು ಮುಗೀತು, ಈ ಮೂರು ಪಾಠ 1,547 ಕಂತಿನಲ್ಲಿ ಎಷ್ಟು ಸಲ ಕಲಿತಿದ್ದೇವೋ ಲೆಕ್ಕ ಹಾಕಿ. ಆ ರೂಮಿನಲ್ಲಿ ಯಾರಾದರೂ ಒಬ್ಬ, "ಇವನೇ ಅಂತ ನಿಂಗೆ ಹೆಂಗೆ ಗೊತ್ತು ಮಗಾ?" ಅಂತ ಕೇಳಿದ್ದರೆ ಸಾಕಿತ್ತು.

ಆ ಪ್ರಶ್ನೆ ಕೇಳಿದ ವಕೀಲ

ಆ ಪ್ರಶ್ನೆಯನ್ನು ಕನ್ನಡ ಟೀವಿಯಲ್ಲಿ ಕೇಳಿದವರು ಇದ್ದಾರೆ. ಅವರು ಪೊಲೀಸ್ ಅಲ್ಲ, ವಕೀಲರು. ಟಿ.ಎನ್. ಸೀತಾರಾಂ! ಗೌರಿಬಿದನೂರಿನ ನಂಟಿರುವವರು ಅಂತ ನಮ್ಮವರು ಎದೆಯುಬ್ಬಿಸಿ ಹೇಳಿಕೊಳ್ಳೋ ಹೆಸರು. 1998ರಲ್ಲಿ, 'ಸಿ.ಐ.ಡಿ.' ಶುರುವಾದ ಅದೇ ವರ್ಷ, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಜತೆಗೂಡಿ ದೂರದರ್ಶನಕ್ಕೆ 'ಮಾಯಾಮೃಗ' ಮಾಡಿದರು. ಆಮೇಲೆ 'ಮನ್ವಂತರ', 'ಮುಕ್ತ', 'ಮಗಳು ಜಾನಕಿ'. ಇವು ಪತ್ತೇದಾರಿ ಸೀರಿಯಲ್ಲುಗಳಲ್ಲ, ಸಂಸಾರದ ಕತೆಗಳು. ಆದರೂ ಅವರ ಕೋರ್ಟಿನ ದೃಶ್ಯ ಬಂದರೆ ಅಡುಗೆಮನೆಯಲ್ಲಿದ್ದವರು ಒಲೆ ಸಣ್ಣದು ಮಾಡಿ ಬಂದು ಕೂರುತ್ತಿದ್ದರು.

'ಮುಕ್ತ'ದ ವಕೀಲ ಸಿ.ಎಸ್.ಪಿ. ಆಗಿ ಸೀತಾರಾಂ ಅವರೇ ಎದ್ದು ನಿಂತಾಗ ಏನು ಮಾಡುತ್ತಿದ್ದರು? ಕಪಾಳಕ್ಕೆ ಹೊಡೆಯುತ್ತಿರಲಿಲ್ಲ. ಕೂಗಾಡುತ್ತಿರಲಿಲ್ಲ. ಮೆಲ್ಲಗೆ ಪಾಟೀಸವಾಲು ಶುರು. ನೀವು ನಿಂತದ್ದು ಎಲ್ಲಿ, ಅಲ್ಲಿಂದ ಕಾಣಿಸಿದ್ದು ಏನು, ನೋಡಿದ್ದೋ ಕೇಳಿದ್ದೋ ಅನ್ನುವ ಧಾಟಿಯಲ್ಲಿ ಒಂದೊಂದೇ ಎಳೆ ಬಿಚ್ಚುತ್ತಾ ಹೋದ ಹಾಗೆ, ಅಷ್ಟು ಹೊತ್ತು ಬಂಡೆಯಂತಿದ್ದ ಸಾಕ್ಷಿ ಬೆವರೊರೆಸಿಕೊಳ್ಳೋದು. ಬಾಗಿಲು ಮುರಿಯದೆಯೇ ಒಳಗೆ ಹೋಗುವ ವಿದ್ಯೆ ಅದು! ಬಾಗಿಲು ಪಾರ್ಟಿಯ ಹುಡುಗನೊಬ್ಬ ಒಪ್ಪಿಕೊಂಡ: "ನಮ್ಮಮ್ಮನ ಕಾಟಕ್ಕೆ ನೋಡ್ತಿದ್ದೆ ಸಾರ್. ಆಮೇಲೆ ಆ ಲಾಯರ್ ಮಾತಾಡೋವಾಗ ನಾನೇ ಅಮ್ಮಂಗೆ ಸುಮ್ನಿರು ಅಂತಿದ್ದೆ."

ಈಚೆಗೂ ಕನ್ನಡದಲ್ಲಿ ಪ್ರಯತ್ನ ನಡೆದಿದೆ. 2025ರ ಏಪ್ರಿಲ್‌ನಲ್ಲಿ ಜೀ5ನಲ್ಲಿ ಬಂದ 'ಅಯ್ಯನ ಮನೆ', ರಮೇಶ್ ಇಂದಿರಾ ನಿರ್ದೇಶನ, 'ದಿಯಾ' ಖ್ಯಾತಿಯ ಖುಷಿ ರವಿ. ಚಿಕ್ಕಮಗಳೂರು ಕಡೆಯ ದೊಡ್ಡ ಮನೆ, ಸೊಸೆಯಂದಿರ ಸಾವು, ದೈವದ ಶಾಪವೋ ಮನುಷ್ಯರ ಕೃತ್ಯವೋ ಅನ್ನೋ ಗಂಟು. ವರ್ಷಗಟ್ಟಲೆ ಎಳೆಯದೆ ಕೆಲವೇ ಕಂತಿನಲ್ಲಿ ಮುಗಿಸಿದರು. 'ಗುಡ್ಡದ ಭೂತ' ಕೇಳಿದ ಪ್ರಶ್ನೆಯೇ ಮೂವತ್ತು ವರ್ಷ ದಾಟಿ ಮೊಬೈಲಿನಲ್ಲಿ ಬಂದಿದೆ ನೋಡಿ. ಈ ನಾಡಿನಲ್ಲಿ ಪತ್ತೇದಾರಿ ಕತೆಗೆ ಯಾವಾಗಲೂ ಇಬ್ಬರು ಶತ್ರುಗಳು: ಒಂದು ಕಪಾಳದ ಏಟು, ಇನ್ನೊಂದು ದೆವ್ವ. ಇಬ್ಬರ ಕೆಲಸವೂ ಒಂದೇ, ನಮ್ಮನ್ನು ಪ್ರಶ್ನೆ ಕೇಳದಂತೆ ಸುಮ್ಮನಿರಿಸೋದು.

ನಮ್ಮೂರಿನ ನಿಜವಾದ ಪತ್ತೇದಾರ

ಎಷ್ಟು ಜನಕ್ಕೆ ಗೊತ್ತೋ, ನಮ್ಮ ಗೌರಿಬಿದನೂರಿನ ಹತ್ತಿರವೇ ಒಬ್ಬ ಪತ್ತೇದಾರ ಇದ್ದಾನೆ. ಬಾಯಿಲ್ಲ, ಕೈಯಿಲ್ಲ, ಬಾಗಿಲು ಒದೆಯೋ ಕಾಲೂ ಇಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರದವರು 1965ರಲ್ಲಿ ಇಲ್ಲಿ ಹಾಕಿದ ಭೂಕಂಪ ಅಳೆಯುವ ಯಂತ್ರಗಳ ಸಾಲು! ಎಲ್ಲೋ ದೂರದೇಶದಲ್ಲಿ ನೆಲದಡಿ ಅಣುಬಾಂಬು ಸಿಡಿಸಿದರೂ, ಆ ಸಣ್ಣ ನಡುಕ ಇಲ್ಲಿಗೆ ಬಂದು ಮುಟ್ಟಿದಾಗ, ಅದು ಭೂಕಂಪವೋ ಬಾಂಬೋ ಅಂತ ಬೇರೆ ಮಾಡೋದು ಇದರ ಕೆಲಸ.

ಒಂದೇ ಯಂತ್ರ ಇಟ್ಟರೆ ಸಾಲದೇ? ಸಾಲದು. ಹತ್ತಿರದಲ್ಲಿ ಲಾರಿ ಹೋದರೂ ಅದು ನಡುಗುತ್ತೆ. ಅದಕ್ಕೇ ಬಹಳ ಯಂತ್ರಗಳನ್ನು ದೂರ ದೂರಕ್ಕೆ ಇಟ್ಟು, ಯಾವುದಕ್ಕೆ ಅಲೆ ಮೊದಲು ಮುಟ್ಟಿತು, ಯಾವುದಕ್ಕೆ ಆಮೇಲೆ ಅಂತ ಹೊಂದಿಸಿ ನೋಡುತ್ತಾರೆ. ಎಲ್ಲವೂ ಒಂದೇ ದಿಕ್ಕನ್ನು ತೋರಿಸಿದಾಗ ಮಾತ್ರ "ಅಲ್ಲಿಂದ ಬಂತು" ಅಂತ ಹೇಳೋದು. ಒಬ್ಬ ಸಾಕ್ಷಿ ನಡುಗಿದ ಅಂತ ತೀರ್ಪು ಕೊಡೋದಿಲ್ಲ. ಬಾಡಿಗೆ ರೂಮಿನ ಎಸಿಪಿಗಳಿಗೆ ಈ ಯಂತ್ರಕ್ಕಿರೋ ತಾಳ್ಮೆ ಇದ್ದಿದ್ದರೆ!

ಹಾಗಂತ ನಾಳೆಯಿಂದ 'ಸಿ.ಐ.ಡಿ.' ನೋಡಬೇಡಿ ಅಂತ ನಾನು ಉಪದೇಶ ಮಾಡೋನಲ್ಲ. ದಯಾ ಬಾಗಿಲು ಒದ್ದರೆ ನಾನೂ ಶಿಳ್ಳೆ ಹೊಡೀತೀನಿ. ಬಾಗಿಲು ಪಾರ್ಟಿಗೆ ನಿದ್ದೆ ಬರಲಿ, ಗಡಿಯಾರ ಪಾರ್ಟಿಗೆ ಗೆಲುವಿರಲಿ, ಹಳೇ ಪಾರ್ಟಿಗೆ ನೆನಪಿರಲಿ. ನನ್ನ ಬೇಡಿಕೆ ಸೀರಿಯಲ್ ಬರೆಯೋ ಮಹಾಶಯರಿಗೆ: ಸ್ವಾಮೀ, ನಮ್ಮ ಹುಡುಗರು ದಡ್ಡರಲ್ಲ. ಬ್ರೇಕ್ ಎಣಿಸಿ ಕೊಲೆಗಾರನನ್ನು ಹಿಡಿಯೋ ತಲೆ ಇದೆ ಅವರಿಗೆ. ಆ ತಲೆಗೆ ಕತೆಯೊಳಗೇ ಒಂದಿಷ್ಟು ಕೆಲಸ ಕೊಡಿ. ಸುಳಿವು ಕಣ್ಣೆದುರಿಗೆ ಇಡಿ. ತಡವರಿಸುವ ಒಬ್ಬ ನಿರಪರಾಧಿಯನ್ನು ಒಂದು ಕಂತಿನಲ್ಲಾದರೂ ಸರಿಯಾಗಿ ತೋರಿಸಿ, ಏಟು ತಿಂದು ಸುಳ್ಳು ಒಪ್ಪಿಕೊಳ್ಳುವವನನ್ನೂ ತೋರಿಸಿ. ಅದಕ್ಕಿಂತ ದೊಡ್ಡ ಸಸ್ಪೆನ್ಸ್ ಇನ್ನೆಲ್ಲಿದೆ?

ಮಿತ್ರರೇ, ನಿಮ್ಮ ಸರದಿ. ನೀವು ನೋಡಿದ ಸೀರಿಯಲ್ಲಿನಲ್ಲಿ, ಸಿನಿಮಾದಲ್ಲಿ ಅತ್ಯಂತ ನಿಯತ್ತಿನ ಸುಳಿವು ಯಾವುದು? ಕೊನೆಗೆ ಗಂಟು ಬಿಚ್ಚಿದಾಗ "ಅಯ್ಯೋ, ಇದು ನನ್ನ ಕಣ್ಣೆದುರಿಗೇ ಇತ್ತಲ್ಲಪ್ಪಾ!" ಅಂತ ಹಣೆ ಚಚ್ಚಿಕೊಂಡ ಕ್ಷಣ ಯಾವುದು? ಒಂದು ಕಾರ್ಡಿನಲ್ಲಿ ಬರೆದು ಹಾಕಿ. ಒಳ್ಳೆಯದನ್ನು ಮುಂದೆ ಇಲ್ಲೇ ಅಚ್ಚು ಹಾಕೋಣ. ಆದರೆ ಒಂದು ಷರತ್ತು: ಕೊಲೆಗಾರನ ಹೆಸರು ಬರೆಯಬೇಡಿ. ಅವನೇ ಅಂತ ನಿಮಗೆ ಹೇಗೆ ಗೊತ್ತಾಯಿತು, ಅಷ್ಟು ಬರೆಯಿರಿ ಸಾಕು.